ಕುಂಡ ಒಡೆಯುವವಳು
ಫೆಲಿಸಾ ಅಜ್ಜಿಯ ಪ್ರಕಾರ ಮೊಮ್ಮಗಳು ಇರಾಚೆ ಹುಟ್ಟಿದ್ದು ಗೋಲು ಹೊಡೆಯಲಿಕ್ಕಲ್ಲ, ಕುಂಡ ಒಡೆಯಲಿಕ್ಕೆ. ಆರನೇ ವಯಸ್ಸಿನಿಂದ ಅವಳು ಚರ್ಚಿನ ಗೋಡೆಗೆ ಒದ್ದ ಚೆಂಡು ಪುಟಿದು ಬಂದು ಅಜ್ಜಿಯ ಕಿಟಕಿಯ ಜೆರೇನಿಯಂ ಕುಂಡಗಳನ್ನೇ ಉರುಳಿಸುತ್ತಿತ್ತು. ಈಗ ಸ್ಪೇನಿನ ಪಾಂಪ್ಲೋನಾ ನಗರದ ದೊಡ್ಡ ಫುಟ್‌ಬಾಲ್ ತಂಡಕ್ಕೆ ಮುಂಪಡೆ ಆಟಗಾರ್ತಿಯಾದರೂ ಬುದ್ಧಿ ಅದೇ. ಪಂದ್ಯದ ದಿನ ಈರುಳ್ಳಿ ಹಾಕದ ಆಲೂಗಡ್ಡೆ ಆಮ್ಲೆಟ್ಟೇ ಆಗಬೇಕು. ಗೋಲು ತಪ್ಪಿದರೆ ತಪ್ಪು ಹುಲ್ಲಿನದು. ಆಫ್‌ಸೈಡ್ ಎಂದು ಗೋಲು ರದ್ದಾದರೆ ಗೆರೆಯ ಬಳಿ ಬಾವುಟ ಹಿಡಿದ ರೆಫರಿಯ ಕಣ್ಣು ನೆಟ್ಟಗಿಲ್ಲ. "ಚೆಂಡನ್ನ ಯಾವತ್ತಾದ್ರೂ ಇನ್ನೊಬ್ರಿಗೆ ಕೊಟ್ಟಿದ್ದುಂಟೇನೇ?" ಎಂದು ಅಜ್ಜಿ ಕೆಣಕಿದರೆ, "ಕೊಡ್ತೀನಲ್ಲಜ್ಜಿ, ಎದುರು ಗೋಲ್‌ಕೀಪರ್‌ಗೆ. ಬಲೆ ಒಳಗಿಂದ ಎತ್ಕೊಳ್ಳೋದು ಅವಳ ಕೆಲಸ" ಎನ್ನುತ್ತಾಳೆ. ಆಟದಲ್ಲಿ ಪೆಟ್ಟಾಗಿ, ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವಳು ಊರಿಗೆ ಬಂದಾಗ, ಮತ್ತೆ ಆಡುತ್ತಾಳೋ ಇಲ್ಲವೋ ಎಂದು ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಒಂಬತ್ತು ತಿಂಗಳು ಕುಂಡ ಅಲುಗದೆ ಹೂ ತುಂಬಿಕೊಂಡಿತು. ಅಜ್ಜಿಗೆ ಮಾತ್ರ ಅದನ್ನು ಕಣ್ಣೆತ್ತಿ ನೋಡಲು ಮನಸ್ಸಾಗುತ್ತಿರಲಿಲ್ಲ. ಇನ್ನು ಚೆಂಡು ಮುಟ್ಟಬಹುದು ಎಂದು ಡಾಕ್ಟರು ಒಪ್ಪಿದ ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಫಳಾರನೆ ಸದ್ದಾಯಿತು. "ಅಜ್ಜೀ, ನಾನಲ್ಲ" ಎಂದಳು ಇರಾಚೆ ಕೆಳಗಿನಿಂದ. "ಮತ್ಯಾರೇ, ಪಾದ್ರಿಗಳಾ?" ಎಂದು ಗದರಿದ ಅಜ್ಜಿ, ಚೂರುಗಳನ್ನು ಗುಡಿಸಿ, ಸರಿಯಾಗಿ ಅದೇ ಜಾಗದಲ್ಲಿ ಇನ್ನೊಂದು ಕುಂಡ ತಂದಿಟ್ಟಳು.