ಗಿರಿಜಾ ಬೇಡಿದ ಐದನೆಯ ಮನೆ

ನಮ್ಮೂರ ಮಠದ ಅಜ್ಜನ ಗದ್ದುಗೆಗೆ ನಡೆದುಕೊಳ್ಳುವ ಬಂಧುಗಳೇ, ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ಹಳೆಯ ಟ್ರ್ಯಾಕ್ಟರಿನ ವ್ಯವಹಾರ ಕುದುರಿಸಿ ಚಹಾ ಕುಡಿಯುತ್ತ ಕೂತಿದ್ದಾಗ ನನ್ನ ಎಡಗೈ ಸೆಳೆಯತೊಡಗಿತು. ಕೈಯಲ್ಲಿದ್ದ ಕಪ್ಪು ಬಿತ್ತು, ನಾನೂ ಬಿದ್ದೆ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದು ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿದರು.

ನಮ್ಮದು ನವಲಗುಂದ ತಾಲೂಕಿನ ಮೊರಬ. ಮೂವತ್ತು ವರ್ಷದಿಂದ ಹಳೆಯ ಟ್ರ್ಯಾಕ್ಟರ್ ಕೊಡಿಸುವ, ಮಾರಿಸುವ ದಲ್ಲಾಳಿ ನಾನು. ಅಪ್ಪನಿಂದ ಒಂದು ಗುಂಟೆ ಹೊಲವೂ ಬಂದಿಲ್ಲ, ಬಾಯಿಯೇ ಬಂಡವಾಳ. ಕೊಳ್ಳುವವನ ಪರವಾಗಿ ನಾನೇ ಮಾತಾಡುತ್ತೇನೆ, ಮಾರುವವನ ಪರವಾಗಿಯೂ ನಾನೇ. ಈ ಚಟ ಮನೆಯಲ್ಲೂ ಬಿಡಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಆಸ್ಪತ್ರೆಯ ಮಂಚದ ಮೇಲೆ ಸಾವಿಗೆ ನಾನು ಹೆದರಲಿಲ್ಲ. ಹೆದರಿದ್ದು ನಮ್ಮ ಗಿರಿಜಾಳನ್ನು ನೆನೆದು. ಒಬ್ಬಳೇ ಮಗಳು. ಹುಟ್ಟಿದಾಗಲೇ ಡಾಕ್ಟರು ಡೌನ್ ಸಿಂಡ್ರೋಮ್ ಎಂದಿದ್ದರು. ನಿಧಾನಕ್ಕೆ ಕಲಿಯುತ್ತಾಳೆ, ಕಲಿತದ್ದನ್ನು ಮರೆಯುವುದಿಲ್ಲ. ನನ್ನ ಹೆಂಡತಿ ಶಾಂತವ್ವ ಹನ್ನೊಂದು ವರ್ಷ ಧಾರವಾಡದ ವಿಶೇಷ ಶಾಲೆಗೆ ಬಸ್ಸಿನಲ್ಲಿ ಅವಳ ಜೊತೆ ಓಡಾಡಿ ಮೊಣಕಾಲು ಸವೆಸಿಕೊಂಡಿದ್ದಾಳೆ. ಆ ವರ್ಷ ಗಿರಿಜಾಳಿಗೆ ಹದಿನೆಂಟು ತುಂಬುವುದಿತ್ತು. ಹದಿನೆಂಟಾದರೆ ಶಾಲೆ ಮುಗಿಯಿತು. ಮುಂದೆ? ನಾನೂ ಇಲ್ಲ, ಶಾಂತವ್ವನೂ ಇಲ್ಲ ಎಂಬ ಒಂದು ದಿನ ಬಂದರೆ?

ಮಲಗಿದಲ್ಲೇ ಕೈಮುಗಿದು ಬೇಡಿಕೊಂಡೆ: “ಯಪ್ಪಾ ಅಜ್ಜಾ, ಮಗಳಿಗಿಂತ ಒಂದು ದಿನ ಹೆಚ್ಚಿಗೆ ನನಗೆ ಆಯುಷ್ಯ ಕೊಡು. ಶ್ರಾವಣದಲ್ಲಿ ಅವಳ ಹೆಸರಿನ ಮೇಲೆ ಐದು ಸೋಮವಾರ, ವಾರಕ್ಕೆ ಐದು ಮನೆಯ ಭಿಕ್ಷೆ ನಡೆಸುತ್ತೇನೆ.” ದೇವರ ಹತ್ತಿರವೂ ಕೊಟ್ಟು ತೆಗೆದುಕೊಳ್ಳುವ ಮಾತೇ ನನಗೆ ಬಂದದ್ದು.

ಜುಲೈನಲ್ಲಿ ಶಾಲೆಯ ಟೀಚರ್ ಕರೆಸಿದರು. ನವಲಗುಂದದಲ್ಲಿ ಹೆಣ್ಣುಮಕ್ಕಳ ಸಂಘದವರು ನಡೆಸುವ ರೊಟ್ಟಿ ಕೇಂದ್ರವಿದೆ, ಅಲ್ಲಿ ಗರಿಗರಿಯಾದ ಕಟಕ್ ರೊಟ್ಟಿ ಎಣಿಸಿ ಕಟ್ಟುವ ಕೆಲಸಕ್ಕೆ ಗಿರಿಜಾಳನ್ನು ತಯಾರು ಮಾಡಬಹುದು ಎಂದರು. ನಂತರ ಅವಳ ಕಡೆ ತಿರುಗಿದರು.

“ಗಿರಿಜಾ, ಆ ಕೆಲಸ ನಿನಗ ಸೇರತೈತೇನು?”

“ಸೇರತೈತ್ರಿ, ಮನ್ಯಾಗ ರೊಟ್ಟಿ ಕಂಡ್ರ ಬಿಡೂದಿಲ್ಲ ಆಕಿ,” ಅಂದೆ ನಾನು.

“ನಾ ನಿಮ್ಮನ್ನ ಕೇಳಿಲ್ರಿ.”

ಗಿರಿಜಾ ನನ್ನ ಮುಖ ನೋಡಿದಳು.

“ನೋಡಿದ್ರೇನು?” ಅಂದರು ಟೀಚರ್. “ಎಣಿಸೂದು ಬರತೈತಿ, ಕಟ್ಟೂದು ಬರತೈತಿ. ಆದ್ರ ನೀರ ಬೇಕಂದ್ರೂ ನಿಮ್ಮ ಮುಖ ನೋಡತಾಳ. ನಾಳೆ ಬಸ್ಸಿನ್ಯಾಗ, ಕೆಲಸದಾಗ ಯಾರ ಮುಖ ನೋಡಬೇಕ್ರಿ ಆಕಿ? ಬಾಯಿಬಿಟ್ಟು ಕೇಳೂದು ಕಲಸ್ರಿ. ಆಮ್ಯಾಲೆ ಒಬ್ಬಾಕೀನ ಬಸ್ಸಿಗೆ ಹತ್ತಸೂಣು.”

ನನಗೆ ಸಿಟ್ಟು ಬಂತು. ಒಬ್ಬಳನ್ನೇ ಬಸ್ಸಿಗೆ ಹತ್ತಿಸುವುದೇ? ನನ್ನ ಎದೆಯಲ್ಲಿ ಸ್ಟೆಂಟ್ ಇದೆ ಎಂಬುದು ಈ ಟೀಚರಿಗೆ ಗೊತ್ತಿಲ್ಲವೇ ಎಂದು ಗೊಣಗುತ್ತ ಬಂದೆ.

ಶ್ರಾವಣ ಬಂತು. ಮಠಕ್ಕೆ ಹೋಗಿ ಹರಕೆಯ ವಿಷಯ ತಿಳಿಸಿದಾಗ ಅಯ್ಯನವರು ಕಟ್ಟಳೆ ಹೇಳಿದರು. “ಹರಕಿ ಯಾರ ಹೆಸರಿಲೆ ಐತಿ, ಅವರ ಬಾಯೀಲೆ ಬೇಡಬೇಕು. ನೀ ಬೇಡಿದ್ರ ಅದು ನಿನ್ನ ಭಿಕ್ಷಾ ಆಗತೈತಿ. ಐದು ಮನಿ ಜ್ವಾಳದ ಹಿಟ್ಟು, ಮನಿಗೊಂದು ಬಟ್ಟಲ. ಯಾರ ಮನ್ಯಾದ್ರೂ ಅಡ್ಡಿಯಿಲ್ಲ.”

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ. ಮೊದಲ ಸೋಮವಾರದ ಹಿಂದಿನ ದಿನವೇ ನಮ್ಮ ಓಣಿಯ ಐದು ಮನೆಗೆ ಹೋಗಿ ಮಾತು ಮುಗಿಸಿಬಿಟ್ಟೆ. “ಗಿರಿಜಾ ಬರ್ತಾಳ, ಬಟ್ಟಲ ತುಂಬಿಟ್ಟಿರ್ರಿ. ಆಕಿ ಬಾಯಿ ತಗಿಯೂತನಾ ಕಾಯಬ್ಯಾಡ್ರಿ.” ನಾಲ್ಕು ಸೋಮವಾರ ಹಾಗೆಯೇ ನಡೆಯಿತು. ಅವಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಹೊಸ್ತಿಲು ಮುಟ್ಟುವುದರೊಳಗೆ ಹಿಟ್ಟು ಬೀಳುತ್ತಿತ್ತು. ಅಜ್ಜನಿಗೂ ನಾನು ದಲ್ಲಾಳಿತನ ಮಾಡಿದ್ದೆ.

ಐದನೆಯ ಸೋಮವಾರ ನನಗೆ ಹುಬ್ಬಳ್ಳಿಯಲ್ಲಿ ತಪಾಸಣೆಯಿತ್ತು. ಎಲ್ಲ ಹೊಂದಿಸಿದ್ದೇನೆ ಎಂದು ಶಾಂತವ್ವನಿಗೆ ಧೈರ್ಯ ಹೇಳಿ ಬೆಳಗಿನ ಬಸ್ಸು ಹಿಡಿದೆ. ಮಧ್ಯಾಹ್ನ ಮೂರಕ್ಕೆ ತಿರುಗಿ ಬಂದು ಇಳಿದರೆ ಶಾಂತವ್ವ ಬಸ್‌ಸ್ಟ್ಯಾಂಡಿನಲ್ಲೇ ಅಳುತ್ತ ನಿಂತಿದ್ದಳು.

“ಹತ್ತಕ್ಕ ಹೋದಾಕಿ ಇನ್ನೂ ಬಂದಿಲ್ರಿ! ಓಣ್ಯಾಗ ಎಲ್ಲಾ ಮನಿ ಕೀಲಿ ಹಾಕ್ಯಾವು!”

ಮೋಡ ಕವಿದಿತ್ತು. ಮಳೆಗೆ ಸಿಕ್ಕರೆ ಕಾಯಿ ಹಾಳೆಂದು ಓಣಿಗೆ ಓಣಿಯೇ ಹೆಸರುಕಾಳಿನ ಕಾಯಿ ಬಿಡಿಸಲು ಹೊಲಕ್ಕೆ ಹೋಗಿತ್ತು. ನಾನು ಹೊಂದಿಸಿಟ್ಟ ಐದು ಬಾಗಿಲಿಗೂ ಬೀಗ.

ಶಾಂತವ್ವ ಮಠದ ಕಡೆ ಹೋದಳು. ನಾನು ಮೊದಲು ಹೋದದ್ದು ಹಳ್ಳಕ್ಕೆ. ಯಾಕೆ ಎಂದು ತಂದೆತಾಯಿಗಳಿಗೆ ಹೇಳಬೇಕಿಲ್ಲ. ಕೆಂಪು ನೀರು ದಂಡೆಗೆ ಹತ್ತಿ ಹರಿಯುತ್ತಿತ್ತು. ಎಮ್ಮೆ ಮೇಯಿಸುವವರನ್ನು ಕೇಳಿದೆ, ಯಾರೂ ನೋಡಿರಲಿಲ್ಲ. ಎದೆ ಹಿಡಿದುಕೊಂಡು ಊರ ಆ ತುದಿಗೆ ನಡೆದೆ. ಅಲ್ಲಿ ನಮ್ಮ ಬಳಕೆ ಇಲ್ಲ, ಗಿರಿಜಾಳನ್ನು ಒಂದು ಸಲವೂ ಕರೆದೊಯ್ದಿರಲಿಲ್ಲ. ಕಟ್ಟೆಯ ಮೇಲೆ ಫಕ್ಕೀರವ್ವ ಎಂಬ ಮುದುಕಿ ಕೂತಿದ್ದಳು.

“ಏನೋ ದಲ್ಲಾಳಿ, ಮಗಳನ್ನ ಹುಡಕಾಕ ಬಂದ್ಯೇನು? ನಿನ್ನ ಮೀರಸ್ತಾಳ ಬಿಡು ಆಕಿ!”

“ಬಂದಿದ್ಲೇನಬೇ ಯವ್ವಾ? ಏನ್ ಮಾಡಿದ್ಲು?”

“ಬಾಗಲದಾಗ ನಿಂತ್ಲು. ನಾ ಆಕಿ ಮಾರಿ ನೋಡಿದೆ, ಆಕಿ ನನ್ನ ಮಾರಿ ನೋಡಿದ್ಲು. ನಿಂತು ನಿಂತು ನನ್ನ ಕಾಲು ನೋಯಾಕ ಹತ್ತಿದ್ವು. ಕಡೀಕ ಅಂದ್ಲು, ‘ಅಜ್ಜಗ ಹಿಟ್ಟು ನೀಡ್ರಿ’ ಅಂತ. ಒಂದು ಹಿಡಿ ತಂದೆ. ಜೋಳಿಗಿ ಬಾಯಿ ಮುಚ್ಚಿ ಹಿಡದ್ಲು ನೋಡು! ‘ಬಟ್ಟಲ ತುಂಬ’ ಅಂದ್ಲು. ಹಿಟ್ಟ ತೀರೈತಬೇ ಅಂದ್ರ, ‘ಒಳಗ ನೋಡ್ರಿ’ ಅಂತಾಳ!”

“ಈಗೆಲ್ಲಿ ಅದಾಳಬೇ?”

“ನಂದು ನಾಕನೇ ಮನಿಯಂತ. ಇನ್ನೊಂದು ಬೇಕು ಅಂತ ಹೋದ್ಲು. ಎತ್ತಾಗೋ, ಯಾರಿಗ್ಗೊತ್ತು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಎರಡು ಓಣಿ ಸುತ್ತಿದೆ. ಹನಿ ಬೀಳತೊಡಗಿತು. ಮನೆಯಿಂದ ಕೊಡೆ ತರೋಣವೆಂದು ನಮ್ಮ ಓಣಿಗೆ ತಿರುಗಿದರೆ, ಕೀಲಿ ಹಾಕಿದ ನಮ್ಮ ಬಾಗಿಲ ಎದುರು ಗಿರಿಜಾ ನಿಂತಿದ್ದಳು. ಜೋಳಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಓಡಿ ಹೋಗಿ ಬಾಗಿಲು ತೆರೆದು “ಒಳಗ ಬಾರವ್ವಾ” ಅಂದೆ. ಬರಲಿಲ್ಲ. ನಾನು ಹೊಸ್ತಿಲ ಒಳಗೆ, ಅವಳು ಹೊರಗೆ.

“ಅಜ್ಜಗ ಹಿಟ್ಟು ನೀಡ್ರಿ,” ಅಂದಳು.

ಅಪ್ಪನಿಗೆ ಅವಳು ಹಾಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ಭಿಕ್ಷೆ ನೀಡುವ ಮನೆಯ ಯಜಮಾನನಿಗೆ ಕೊಡುವ ಮರ್ಯಾದೆಯನ್ನು ಅವಳು ನನಗೆ ಕೊಟ್ಟಿದ್ದಳು. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೆಲ್ಲ ತೆಗೆದು ಹಿಟ್ಟು ಹುಡುಕಿ, ಬಟ್ಟಲು ತುಂಬಿ ತಂದು ಹಾಕಿದೆ. ಅವಸರದಲ್ಲಿ ಒಂದಿಷ್ಟು ಚೆಲ್ಲಿತು. “ಸಾವಕಾಶ,” ಅಂದಳು.

ಬಂಧುಗಳೇ, ನಾನು ಕೇಳಿದ್ದು ನನಗೆ ಆಯುಷ್ಯ. ಅಜ್ಜ ಕೊಟ್ಟದ್ದು ಅವಳಿಗೆ ಬಾಯಿ. ನಾನು ಕಟ್ಟಿದ್ದ ಹೊಂದಾಣಿಕೆಯನ್ನೆಲ್ಲ ಒಂದು ಮೋಡ ಕವಿಸಿ ಮುರಿದು, ಐದು ಬಾಗಿಲಿಗೆ ಬೀಗ ಹಾಕಿಸಿ ಕೊಟ್ಟ. ಆ ಸಂಜೆ ಗದ್ದುಗೆಯ ಮುಂದೆ ತಪ್ಪೊಪ್ಪಿಕೊಂಡು, ಮಗಳಿಗಿಂತ ಒಂದು ದಿನ ಹೆಚ್ಚು ಬದುಕಬೇಕೆಂಬ ನನ್ನ ಶರತ್ತನ್ನು ಹಿಂದಕ್ಕೆ ಪಡೆದೆ. ಅಯ್ಯನವರು ನಕ್ಕು, “ಮೊದಲ ನಾಕು ಸೋಮವಾರ ನಿನ್ನ ಲೆಕ್ಕಕ್ಕ ಹಿಡೀತೀನಿ ಬಿಡು,” ಅಂದರು.

ಮುಂದಿನ ಆರು ತಿಂಗಳು ಟೀಚರ್ ಹೇಳಿದಂತೆ ನಡೆದೆವು. ಬಸ್ಸಿನಲ್ಲಿ ಮೊದಲು ಅವಳ ಪಕ್ಕದ ಸೀಟು, ಆಮೇಲೆ ಹಿಂದಿನ ಸೀಟು, ಆಮೇಲೆ ಅವಳ ಬಸ್ಸಿನ ಹಿಂದೆ ನಾನು ಮೋಟಾರ್‌ಸೈಕಲ್ಲಿನಲ್ಲಿ. ಇಂಥ ಮಕ್ಕಳಿರುವವರಿಗೆ ನನ್ನ ಮಾತು ಇಷ್ಟೇ. ಅಂಗವಿಕಲರ ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ ಹದಿನೆಂಟು ತುಂಬುವ ಮೊದಲೇ ಮಾಡಿಸಿರಿ, ಕಚೇರಿಯಲ್ಲಿ ನಾಳೆ ಬಾ ಎಂದರೆ ಅಲ್ಲೇ ಕೂತುಬಿಡಿರಿ. ಅಂಗಡಿಗೆ ಹೋದಾಗ ಉಪ್ಪನ್ನು ಮಗುವೇ ಕೇಳಲಿ. ಅದು ಬಾಯಿ ತೆರೆಯುವವರೆಗೆ ನೀವು ನಾಲಿಗೆ ಕಚ್ಚಿಕೊಳ್ಳಿರಿ. ಬಹಳ ಕಷ್ಟದ ಕೆಲಸ, ನಾನು ಬಲ್ಲೆ.

ಈಗ ಒಂದು ತಿಂಗಳಿಂದ ಗಿರಿಜಾ ಒಬ್ಬಳೇ ನವಲಗುಂದದ ರೊಟ್ಟಿ ಕೇಂದ್ರಕ್ಕೆ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಇದನ್ನು ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆಯ ಬಸ್ಸಿನ ಹಾರ್ನ್ ಈಗಷ್ಟೇ ಕೇಳಿಸಿತು. ಎದೆ ದಿನದಂತೆ ಇವತ್ತೂ ಹೊಡೆದುಕೊಳ್ಳುತ್ತಿದೆ, ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿದೆ. ಒಳಗಿನಿಂದ ಶಾಂತವ್ವ ಕೂಗುತ್ತಿದ್ದಾಳೆ, “ಹೋಗಬ್ಯಾಡ್ರಿ, ಕುಂದರ್ರಿ. ಬರ್ತಾಳ.” ಅಜ್ಜನ ಹೆಸರು ಹೇಳಿ ಕೂತಿದ್ದೇನೆ.