ಟೈರಿನ ವಯಸ್ಸು, ಹುಡುಗಿಯ ಕಾಲ್ಗುಣ

ನಮ್ಮ ಮನೆತನದಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಇಷ್ಟು: ಜಗಳೂರಿನ ಹುಡುಗಿಯನ್ನು ನೋಡಲು ಹೋದ ದಿನ ದೊಡ್ಡಪ್ಪನ ಅಂಬಾಸಡರ್ ಕಾರು ಎರಡು ಸಲ ಪಂಕ್ಚರ್ ಆಯಿತು. ಕಾರಣ, ಹುಡುಗಿಯ ಕಾಲ್ಗುಣ.

ನನ್ನದೊಂದು ಸಣ್ಣ ತಕರಾರು. ಮೊದಲ ಪಂಕ್ಚರ್ ಆದಾಗ ನಾವಿನ್ನೂ ದೊಡ್ಡಪ್ಪನ ಊರು ಚನ್ನಗಿರಿಯನ್ನೇ ಸರಿಯಾಗಿ ದಾಟಿರಲಿಲ್ಲ. ಹುಡುಗಿ ಜಗಳೂರಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದಿರಬೇಕು. ಅಷ್ಟು ದೂರದಿಂದ ಕಾಲ್ಗುಣ ಬಂದು ತಲುಪಿತೆಂದರೆ, ನಮ್ಮೂರಿನ ಮೊಬೈಲ್ ಟವರ್ ಅದರ ಮುಂದೆ ಏನೂ ಅಲ್ಲ.

ಇದನ್ನೇ ಸೋದರತ್ತೆಯ ಮುಂದಿಟ್ಟೆ.

“ಅದು ಮುನ್ಸೂಚನೆ ಕಣೇ,” ಎಂದರು.

“ಎರಡನೇದು?”

“ಅದು ಕಾಲ್ಗುಣ.”

(ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹೀಗೆ ವಾದಿಸಿದ್ದರೆ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಮನೆಯಲ್ಲಿ ಗಂಟೆ ಅತ್ತೆಯ ಕೈಯಲ್ಲೇ ಇರುತ್ತದೆ.)

ಈ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ತಾತನ ಕಾಲದ್ದು. ನಮ್ಮಲ್ಲಿ ಯಾರಿಗೇ ಸಂಬಂಧ ನೋಡಲು ಹೋದರೂ ಇದರಲ್ಲೇ ಹೋಗಬೇಕು, ಅದು ಪದ್ಧತಿ. ಉಳಿದ ದಿನ ತಗಡಿನ ಶೆಡ್ಡಿನಲ್ಲಿ ವಿಶ್ರಾಂತಿ. ಓಡಿಸಿದರೆ ಟೈರ್ ಸವೆಯುತ್ತದೆ, ಆದ್ದರಿಂದ ಓಡಿಸಬಾರದು ಎಂಬುದು ದೊಡ್ಡಪ್ಪನ ಸಿದ್ಧಾಂತ. ಆಯುಧಪೂಜೆಗೆ ಸ್ಟೆಪ್ನಿಯೂ ಸೇರಿ ಐದೂ ಟೈರಿಗೆ ಕಪ್ಪು ಪಾಲಿಶ್, ಮೇಲೆ ವಿಭೂತಿಯ ಪಟ್ಟೆ. ಆಮೇಲೆ ಮತ್ತೆ ಮೈಮೇಲೆ ಬೆಡ್‌ಶೀಟ್.

ಮೊದಲ ಪಂಕ್ಚರ್‌ಗೆ ಸ್ಟೆಪ್ನಿ ಹಾಕಿ ಜಗಳೂರು ಮುಟ್ಟಿದೆವು. ದೊಡ್ಡಪ್ಪನ ಮಗ ಕಿರಣಣ್ಣನೇ ಗಂಡು, ಡ್ರೈವರ್ ಕೂಡ. ಜಾಕ್ ತಿರುಗಿಸಿದ ಮಸಿ ಕೈಯಲ್ಲೇ ಉಪ್ಪಿಟ್ಟಿನ ತಟ್ಟೆ ಹಿಡಿದ. ಹುಡುಗಿ ಚೇತನಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಇಬ್ಬರೂ ಹಿತ್ತಲಿನಲ್ಲಿ ನಿಂತು ಮಾತಾಡಿಕೊಂಡು ಬಂದರು. ಇಬ್ಬರ ಮುಖದಲ್ಲೂ ನಗು ಇತ್ತು. ಹೊರಡಲು ಹೊರಗೆ ಬಂದರೆ ಸ್ಟೆಪ್ನಿಯೂ ನೆಲಕ್ಕೆ ಕೂತಿತ್ತು!

ಗಂಡಸರೆಲ್ಲ ಕಾರಿನ ಸುತ್ತ ನಿಂತು ಚಕ್ರವನ್ನು ಕಾಲಿನಿಂದ ಒದ್ದು ನೋಡಿದರು. (ಇದರಿಂದ ಯಾವ ಚಕ್ರಕ್ಕೂ ಈವರೆಗೆ ಗಾಳಿ ತುಂಬಿಲ್ಲ.) ಚೇತನಾ ಮಾತ್ರ ಸೆರಗು ಸಿಕ್ಕಿಸಿಕೊಂಡು ಸ್ಕೂಟಿ ತೆಗೆದು ನನ್ನನ್ನು ಕರೆದಳು.

“ಅಕ್ಕ, ನೀವು ಹಿಂದೆ ಕೂತ್ಕಳ್ರಿ. ಚಕ್ರ ಮುಂದೆ ಇಡಣ.”

ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿದರು. ಮೊಳೆ ಇಲ್ಲ, ಮುಳ್ಳಿಲ್ಲ. ಟೈರಿನ ಒಳಮೈಯೇ ಕಿತ್ತು ಬಂದು ಟ್ಯೂಬನ್ನು ಕೊರೆದಿತ್ತು. ಚೇತನಾ ಟೈರಿನ ಹೊರಪಕ್ಕದ ರಬ್ಬರಿನ ಮೇಲೆ ಬೆರಳಾಡಿಸಿದಳು. ಪಾಲಿಶ್ ಕೆಳಗೆ ಸಣ್ಣ ಸಣ್ಣ ಬಿರುಕು.

“ಎಷ್ಟು ಓಡೈತ್ರಿ ಇದು?”

“ಓಡೇ ಇಲ್ಲ. ಶೆಡ್ಡಲ್ಲೇ ಇರೋದು.”

“ಅದಕ್ಕೇ ಮತ್ತೆ! ರಬ್ಬರು ಸುಮ್ನೆ ನಿಂತ್ರೂ ಮುದಿ ಆಗತೈತ್ರಿ. ನಮ್ಮಪ್ಪನ ಟ್ರೇಲರಿಂದೂ ಹಿಂಗೇ ಆಗಿತ್ತು. ನಾಲ್ಕೂ ಬದಲಾಯಿಸಿಬಿಡ್ರಿ. ಇಲ್ಲಾಂದ್ರೆ ಮುಂದಿನ ಸಲ ಬರಾಕೂ ಲೇಟ್ ಆಗತೈತೆ.”

‘ಮುಂದಿನ ಸಲ’ ಎಂದವಳೇ ನಾಲಿಗೆ ಕಚ್ಚಿಕೊಂಡು ನಕ್ಕಳು.

ಟ್ಯೂಬ್ ಬದಲಿಸಿ ಹೇಗೋ ಊರು ಸೇರಿದೆವು. ಇಳಿಯುವಾಗ ಕಿರಣಣ್ಣ ನನಗೊಬ್ಬಳಿಗೇ ಕೇಳುವಂತೆ, “ನನಗೆ ಒಪ್ಪಿಗೆ” ಎಂದ. ಅವಳು ಟೈರಿನ ಬಗ್ಗೆ ಹೇಳಿದ್ದನ್ನು ನಾನೂ ಅವನಿಗೆ ಹೇಳಿದೆ.

ಮುಂದಿನ ಭಾಗ ಟೈರ್ ಶಾಪಿಂಗ್. ತಪ್ಪು ಟೈರಿನದೇ ಎಂದು ಒಪ್ಪಿದ ದೊಡ್ಡಪ್ಪ, ಕಿರಣಣ್ಣ, ನಾನು ಮೂವರೂ ಹೊರಟೆವು. ಚನ್ನಗಿರಿಯ ಅಂಗಡಿಯವರು, “ಈ ಸೈಜ್ ಈಗ ಬರಲ್ಲಮ್ಮ. ದಪ್ಪಂದು ಕೊಡ್ತೀನಿ, ಸ್ವಲ್ಪ ತಿಕ್ಕತೈತೆ ಅಷ್ಟೆ,” ಎಂದರು. ಎಲ್ಲಿಗೆ? ಮಡ್‌ಗಾರ್ಡಿಗೆ! ಹೊನ್ನಾಳಿಯಲ್ಲಿ ಅದೇ ಸೈಜ್ ಸಿಕ್ಕಿತು, ಸುತ್ತಿದ ಕಾಗದ ಕೂಡ ಹರಿದಿರಲಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬಗ್ಗಿ ಓದಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಹುಟ್ಟಿದ ಟೈರ್.

“ಒಂದು ಕಿಲೋಮೀಟರೂ ಓಡಿಲ್ಲಮ್ಮ. ಗ್ರಿಪ್ ನೋಡು!” ಎಂದರು ಅಂಗಡಿಯವರು.

ದೊಡ್ಡಪ್ಪನಿಗೆ ತನ್ನ ಸಿದ್ಧಾಂತಕ್ಕೊಬ್ಬ ಅನುಯಾಯಿ ಸಿಕ್ಕ ಖುಷಿ. “ಹೌದಲ್ಲೇನೋ ಮತ್ತೆ, ಹೊಸಾದೇ ಐತೆ!”

ಆಗ ಕಿರಣಣ್ಣ ಬಾಯಿಬಿಟ್ಟ. “ಬ್ಯಾಡಪ್ಪ. ರಬ್ಬರು ಸುಮ್ನೆ ನಿಂತ್ರೂ ಮುದಿ ಆಗತೈತೆ.”

ಅಕ್ಷರ ಬಿಡದೆ ಅವಳದೇ ಮಾತು. ದೊಡ್ಡಪ್ಪ ಒಂದು ಕ್ಷಣ ಟೈರ್ ನೋಡಿದರು, ಒಂದು ಕ್ಷಣ ಮಗನನ್ನು. “ಹಂಗಾರೆ ಫ್ರೆಶ್ ಮಾಲೇ ತರಿಸ್ರಿ” ಎಂದರು. ಸಿದ್ಧಾಂತ ಬಿದ್ದುಹೋಯಿತು. ನಾನು ಮನಸ್ಸಿನಲ್ಲೇ ಚೇತನಾಳಿಗೆ ಪ್ರಥಮ ಬಹುಮಾನ ಕೊಟ್ಟೆ.

ಟೈರ್ ಬಂದವು. ಹಾಕಿಸಿದ್ದೂ ಆಯಿತು. ಕಳೆದ ಭಾನುವಾರ ಟ್ರಯಲ್ ಎಂದು ಅಪ್ಪ ಮಗ ಇಬ್ಬರೂ ಕಾರಿನಲ್ಲಿ ನ್ಯಾಮತಿಯ ನಮ್ಮ ಮನೆಗೆ ಬಂದರು. ದೊಡ್ಡಪ್ಪ ಚಹಾ ಕುಡಿಯುತ್ತ, “ಬೆಣ್ಣೆ ಹಂಗೆ ಓಡತೈತೆ. ಬರೋ ವಾರ ಸವಳಂಗಕ್ಕೆ ಹೆಣ್ಣು ನೋಡಾಕೆ ಹೋಗಣ, ನೀನೂ ಬಾರವ್ವ,” ಎಂದರು.

“ಜಗಳೂರಿಂದು?”

“ಜಾತಕ ಕೂಡಲಿಲ್ಲ ಅಂತ ಹೇಳಿ ಕಳಿಸಿದ್ವಿ.”

ಜಾತಕವನ್ನು ಇನ್ನೂ ತರಿಸಿಯೇ ಇರಲಿಲ್ಲ.

“ದೊಡ್ಡಪ್ಪ, ತಪ್ಪು ಟೈರಿಂದು ಅಂತ ಒಪ್ಪಿ ನಾಲ್ಕೂ ಬದಲಾಯಿಸಿದ್ರಲ್ಲ?”

“ಟೈರಿನ ಮಾತೇ ಬ್ಯಾರೆ, ಮನೆಗೆ ಬರೋಳ ಮಾತೇ ಬ್ಯಾರೆ. ನಿನ್ನ ಡಿಬೇಟು ಕಾಲೇಜಿಗೆ ಇಟ್ಕ.”

ಅಂದರೆ ಸಾಕ್ಷ್ಯ ಸಾಕಾಗಲಿಲ್ಲ ಎಂದಲ್ಲ. ಅದನ್ನು ನಂಬಿ ಇವರು ಅಂಗಡಿಯಿಂದ ಅಂಗಡಿಗೆ ಅಲೆದಿದ್ದಾರೆ. ಕಾರಿಗೆ ಆದ ನ್ಯಾಯ ಹುಡುಗಿಗೆ ಆಗಲಿಲ್ಲ, ಅಷ್ಟೆ. ಜಾತಕದ ನೆಪ ಜಗಳೂರಿಗೆ ಹೋಯಿತು, ಕಾಲ್ಗುಣದ ಕಥೆ ನೆಂಟರ ಬಾಯಲ್ಲಿ ಉಳಿಯಿತು. ನಾಳೆ ಅವಳನ್ನು ನೋಡಲು ಹೊರಡುವ ಇನ್ಯಾರದೋ ಮನೆಗೆ ಈ ಕಥೆ ಮುಟ್ಟದೆ ಇರುತ್ತದೆಯೇ? ಅವರಿಗೆ ಟೈರಿನ ವಯಸ್ಸು ಯಾರು ಹೇಳುತ್ತಾರೆ?

ಈ ಮಾತೆಲ್ಲ ನಡೆಯುವಾಗ ಕಿರಣಣ್ಣ ಅಂಗಳದಲ್ಲಿ ಕಾರಿನ ಗಾಜು ಒರೆಸುತ್ತಿದ್ದ. ಆಗಲೇ ಫಳಫಳ ಎನ್ನುತ್ತಿದ್ದ ಗಾಜು. ನಾನು ಹೊರಗೆ ಹೋಗಿ ಅವನೆದುರು ನಿಂತೆ.

“ಅಣ್ಣ, ಜಗಳೂರಿಗೆ ಬೇಡ ಅಂತ ಹೇಳಿ ಕಳಿಸೋ ಮುಂಚೆ ನಿನ್ನನ್ನ ಕೇಳಿರ್ತಾರಲ್ಲ, ಆಗ ನೀನು ಏನಂದೆ?”