ಕರೆಂಟ್ ತೆಗೆದವನಿಗೆ ನಮಸ್ಕಾರ

ಕಂಬದ ಮೇಲೆ ನಿಂತು, ತಂತಿಗೆ ತಾಗಿದ ಬೇವಿನ ಟೊಂಗೆ ಕಡಿಯುತ್ತಿದ್ದ ಲೈನ್‌ಮನ್‌ಗೆ ನಾನು ಕೆಳಗಿನಿಂದ ಎರಡೂ ಕೈ ಎತ್ತಿ ಮುಗಿದೆ. "ಭಾಳ ಉಪಕಾರ ಆತ್ರಿ ಅಣ್ಣಾರ" ಎಂದೆ. ಆತ ಕಡಿಯುವುದನ್ನು ನಿಲ್ಲಿಸಿ ದುರುಗುಟ್ಟಿ ನೋಡಿದ.

"ಚಾಷ್ಟಿ ಮಾಡಬ್ಯಾಡ್ರಿ ಅಕ್ಕಾರ. ಹತ್ತು ನಿಮಿಷ ತಡೀರಿ, ಬರ್ತದ ಕರೆಂಟ್!"

ನಾನು ಗೇಲಿ ಮಾಡಿರಲಿಲ್ಲ. ಹೈದರಾಬಾದಿನ ಕಂಪನಿಯೊಂದರ ಸರ್ವರ್‌ಗಳನ್ನು ಸುರಪುರದ ಮನೆಯಿಂದಲೇ ನೋಡಿಕೊಳ್ಳುವ ಡೆವ್‌ಆಪ್ಸ್ ಕೆಲಸ ನನ್ನದು. ಅದಕ್ಕೆ, ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐ ಏಜೆಂಟ್ ಬಳಸುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಅಂದು ಬೆಳಿಗ್ಗೆ, ಪರೀಕ್ಷೆಗೆಂದು ಮಾಡಿದ್ದ ಹಳೆಯ ಸರ್ವರ್‌ಗಳನ್ನು ಅಳಿಸು, ಪ್ರತಿಯೊಂದಕ್ಕೂ ನನ್ನನ್ನು ಕೇಳಬೇಡ ಎಂದು ಏಜೆಂಟಿಗೆ ಹೇಳಿದ್ದೆ. ಅದು ಹೇಳಿದ ಮಾತು ಪಾಲಿಸಿತು. ಗ್ರಾಹಕರು ಆ ಹೊತ್ತಿನಲ್ಲೇ ಬಳಸುತ್ತಿದ್ದ ಸರ್ವರನ್ನೂ ಹಳೆಯದೆಂದು ಬಗೆದು, 'ಈಗ ಇದನ್ನು ಅಳಿಸುತ್ತೇನೆ' ಎಂದು ಪರದೆಯ ಮೇಲೆ ಬರೆಯಿತು. ನನ್ನ ಕೈ ಕೀಬೋರ್ಡ್ ತಲುಪುವ ಮೊದಲೇ ಫ್ಯಾನ್ ನಿಂತಿತು, ರೂಟರಿನ ದೀಪ ಆರಿತು, ಇಂಟರ್ನೆಟ್ ಹೋಯಿತು. ಅಳಿಸುವ ಆಜ್ಞೆ ತಲುಪಲೇ ಇಲ್ಲ, ಸರ್ವರ್ ಉಳಿಯಿತು. ಅತ್ತೆ ಬೀಸಣಿಗೆ ಹುಡುಕುತ್ತ ಲೈನ್‌ಮನ್‌ಗೆ ಬೈಯುತ್ತಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ಏಜೆಂಟನ್ನು ನಿಲ್ಲಿಸಿ, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದ್ದೆ.

ಮಧ್ಯಾಹ್ನದ ಮೀಟಿಂಗ್‌ನಲ್ಲಿ ಸರ್ವರ್ ಉಳಿದದ್ದು ಹೇಗೆಂದು ಮ್ಯಾನೇಜರ್ ಕೇಳಿದರು. ಬೇವಿನ ಮರದಿಂದ ಎಂದೆ. ಯಾರೂ ನಗಲಿಲ್ಲ.

ಅಳಿಸುವ ಅಧಿಕಾರವನ್ನು ಏಜೆಂಟಿನಿಂದ ಕಿತ್ತುಕೊಂಡಿದ್ದೇನೆ. ಆದರೂ, ಮನೆಗೊಂದು ಇನ್ವರ್ಟರ್ ಹಾಕಿಸು ಎಂದು ಅತ್ತೆ ಹೇಳಿದಾಗಲೆಲ್ಲ ನನ್ನ ಉತ್ತರ ಒಂದೇ: "ನಾ ಕೆಲಸ ಪೂರಾ ಕಲಿಯೋತನಕ ತಡೀರಿ ಅತ್ತಿ."